ದಾರಿ ತಪ್ಪಿದ ಮಕ್ಕಳು ಮತ್ತು ಪೂರ್ವಾಶ್ರಯದ ಪ್ರಶ್ನೆ

(ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಹಾಗೂ ಬಾಲ ನ್ಯಾಯ ಮಂಡಳಿಯ ಮಾಜಿ ಸದಸ್ಯೆಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಅಪ್ಪಗಳು ಈ ವಿಷಯದ ಮೇಲೆ ಮಾತನಾಡಲು ಹೇಳಿಕಳಿಸಿದಾಗ ನಾನು ಎರಡು ದಿನ ಉತ್ತರ ಕೊಡಲಿಲ್ಲ. ಕಾರಣ ನಿಮಗೆ ಗೊತ್ತಿದೆ. ಬೇಸಿಗೆಯಲ್ಲಿ ನಮ್ಮ ಭಾಗದಲ್ಲಿ ಒಂದು ಕೊಲೆ ನಡೆಯಿತು. ಸತ್ತವನು ಚಿಕ್ಕ ವಯಸ್ಸಿನವನು. ಹೊಡೆದವರಲ್ಲಿ ಒಬ್ಬನಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎಂದು ಪೊಲೀಸರು ಹೇಳಿದರು. ಮರುದಿನ ಮೆರವಣಿಗೆ ಹೊರಟಿತು. ಅವನನ್ನೂ ಗಲ್ಲಿಗೇರಿಸಬೇಕು ಎಂಬ ಮನವಿಗೆ ಸಹಿ ಹಾಕಿರಿ ಎಂದು ಕೆಲವರು ಮಠಕ್ಕೂ ಬಂದರು. ಅಪ್ಪಗಳು ಸಹಿ ಹಾಕಲಿಲ್ಲ. ಬೈಯಲೂ ಇಲ್ಲ. ಶ್ರಾವಣದಲ್ಲಿ ಇದರ ಮೇಲೆ ಒಂದು ದಿನ ಕೂತು ಮಾತಾಡೋಣ ಎಂದರಂತೆ. ಇವತ್ತು ಆ ದಿನ.

ಮಗನನ್ನು ಕಳೆದುಕೊಂಡ ಮನೆಯವರು ಈ ಸಭೆಯಲ್ಲಿರಬಹುದು. ಇಲ್ಲದಿದ್ದರೂ ನನ್ನ ಮಾತು ಅವರಿಗೆ ತಲುಪುತ್ತದೆ. ಅವರ ಎದುರಿಗೆ ಕೂತು ಹೇಳಲಾಗದ ಯಾವ ಮಾತನ್ನೂ ಇಲ್ಲಿ ಹೇಳಬಾರದು ಎಂದು ನಾನು ಕಟ್ಟುಪಾಡು ಹಾಕಿಕೊಂಡು ಬಂದಿದ್ದೇನೆ. ಆ ಮೊಕದ್ದಮೆಯ ಬಗ್ಗೆಯೂ ಏನೂ ಹೇಳುವುದಿಲ್ಲ. ಅದು ನ್ಯಾಯಾಲಯದ ಕೆಲಸ. ಅಂಥ ಹುಡುಗರನ್ನು ನಾವು, ಬಸವಣ್ಣನವರ ಹೆಸರು ಹೇಳಿಕೊಳ್ಳುವವರು, ಏನು ಮಾಡಬೇಕು ಎಂಬುದು ಮಾತ್ರ ನನ್ನ ಮಾತಿನ ವಿಷಯ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಗೆ ಒಂದು ಜೂನ್ ತಿಂಗಳಲ್ಲಿ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಊರು, ವರ್ಷ ಹೇಳುವುದಿಲ್ಲ. ಹುಡುಗ ಜಾತ್ರೆಯ ಜಗಳದಲ್ಲಿ ಇನ್ನೊಬ್ಬ ಹುಡುಗನಿಗೆ ಚಾಕು ಹಾಕಿದ್ದ. ಆ ಹುಡುಗ ಬದುಕಿದ, ಆದರೆ ಮೊದಲಿನಂತೆ ಆಗಲಿಲ್ಲ. ಇವನು ಸರ್ಕಾರದ ವಿಶೇಷ ಗೃಹದಲ್ಲಿ ಅವಧಿ ಮುಗಿಸಿ ಬಂದಿದ್ದ. ಹತ್ತನೆಯ ತರಗತಿಗೆ ಸೇರಿಸಿಕೊಳ್ಳಿ ಎಂದು ತಾಯಿ ಕೇಳಿದರು. ನಾನು ಸೀಟು ತುಂಬಿವೆ ಎಂದೆ. ತುಂಬಿರಲಿಲ್ಲ. ಆ ತಾಯಿಗೂ ಅದು ಗೊತ್ತಿತ್ತು. ಅವರು ಜಗಳಾಡಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನಿಂತು ಒಂದು ಮಾತು ಹೇಳಿದರು: “ಸಾಲಿ ಕರೀಲಿಲ್ಲಂದ್ರ ಇವನ್ನ ಬ್ಯಾರೆ ಯಾರು ಕರೀತಾರ ಅಂತ ನಿಮಗ ಗೊತ್ತೈತಲ್ರಿ, ಅಕ್ಕಾರ.”

ನನಗೆ ಗೊತ್ತಿತ್ತು. ಆ ಹೊತ್ತಿಗೆ ಶಾಲೆಯ ಹೆಸರು, ಬೇರೆ ಪಾಲಕರ ಬಾಯಿ, ಆಡಳಿತ ಮಂಡಳಿಯ ಮುಖ ಇಷ್ಟೇ ನನ್ನ ಕಣ್ಣ ಮುಂದೆ ಇದ್ದವು. ಕೊರಳಲ್ಲಿ ಇಷ್ಟಲಿಂಗವೂ ಇತ್ತು. ಅದು ನೆನಪಾಗಲಿಲ್ಲ. ಆಮೇಲೆ ಆ ತಾಯಿ ಸಂತೆಯಲ್ಲಿ ಒಂದೆರಡು ಸಲ ಕಂಡರು. ಮಾತಾಡಿಸುವ ಧೈರ್ಯ ನನಗೆ ಬರಲಿಲ್ಲ. ಹುಡುಗ ಏನಾದ ಎಂದು ನಾನು ಯಾರನ್ನೂ ಕೇಳಲಿಲ್ಲ.

ನಿವೃತ್ತಿಯ ನಂತರ ಬಾಲ ನ್ಯಾಯ ಮಂಡಳಿಯಲ್ಲಿ ಸಮಾಜ ಕಾರ್ಯಕರ್ತರ ಸ್ಥಾನಕ್ಕೆ ನಾನು ಅರ್ಜಿ ಹಾಕಲು ಆ ಮಾತೇ ಕಾರಣ. ಮಂಡಳಿ ಎಂದರೆ ಒಬ್ಬರು ನ್ಯಾಯಾಧೀಶರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಅಲ್ಲಿ ಕಟಕಟೆ ಇರುವುದಿಲ್ಲ. ಹುಡುಗನನ್ನು ಕರೆತರುವ ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ಬೇಡಿ ಹಾಕಬಾರದು. ಲಾಕಪ್ಪಿನಲ್ಲೂ ಜೈಲಿನಲ್ಲೂ ಇಡುವಂತಿಲ್ಲ, ವೀಕ್ಷಣಾಲಯದಲ್ಲೇ ಇಡಬೇಕು. ಕಾನೂನು ಅವರನ್ನು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು’ ಎಂದು ಕರೆಯುತ್ತದೆ. ಮೊದಲು ಕೇಳಿದಾಗ ನನಗೂ ಇದು ಬಣ್ಣ ಬಳಿದ ಮಾತು ಅನ್ನಿಸಿತ್ತು. ಕೊಂದವನು ಕೊಲೆಗಾರನಲ್ಲವೆ ಎಂದು ಮನಸ್ಸು ಕೇಳಿತ್ತು.

ಅಲ್ಲಿ ಕೂತು ನಾನು ಕಂಡದ್ದು ಇಷ್ಟು. ದೊಡ್ಡ ತಪ್ಪು ಮಾಡಿ ಬಂದ ಹುಡುಗನ ಬಾಯಿಂದ ಮೊದಲು ಬರುವ ಪ್ರಶ್ನೆ ಒಂದೇ: “ಮನೀಗೆ ಯಾವಾಗ ಬಿಡ್ತೀರಿ?” ಅವನಿಗೆ ತನ್ನ ಚಿಂತೆಯಷ್ಟೇ ಇರುತ್ತದೆ. ತಾನು ಮಾಡಿದ್ದು ಯಾರಿಗೆ ಏನಾಯಿತು ಎಂಬುದು ಒಳಗೆ ಇಳಿದೇ ಇರುವುದಿಲ್ಲ. ತಿಂಗಳುಗಟ್ಟಲೆ ಯಾರಾದರೂ ಅವನ ಜೊತೆ ಕೂತು ಮಾತಾಡಿದರೆ, ಓದಿಸಿದರೆ, ಕೈಗೆ ಒಂದು ಕೆಲಸ ಕೊಟ್ಟರೆ, ಕೆಲವು ಹುಡುಗರು ಒಂದು ದಿನ ಎರಡನೆಯ ಪ್ರಶ್ನೆ ಕೇಳುತ್ತಾರೆ: “ಅವನ ಅವ್ವ ಹೆಂಗ ಅದಾರ್ರೀ?” ತಾನು ಕೊಂದವನ ತಾಯಿಯ ಬಗ್ಗೆ ಕೇಳುವ ಪ್ರಶ್ನೆ ಅದು. ಎಲ್ಲರೂ ಕೇಳುವುದಿಲ್ಲ. ಕೇಳಿದವನು ಆ ರಾತ್ರಿ ನಿದ್ದೆ ಮಾಡುವುದಿಲ್ಲ ಎಂದು ವೀಕ್ಷಣಾಲಯದ ಸಿಬ್ಬಂದಿ ನನಗೆ ಹೇಳುತ್ತಿದ್ದರು. ನಿಜವಾದ ಶಿಕ್ಷೆ ಅವನಿಗೆ ಆ ರಾತ್ರಿ ಶುರುವಾಗುತ್ತದೆ. ಪರಿವರ್ತನೆಯೂ ಅಲ್ಲಿಂದಲೇ. ಮೊದಲ ಪ್ರಶ್ನೆಯಿಂದ ಎರಡನೆಯ ಪ್ರಶ್ನೆಯ ತನಕ ಒಬ್ಬ ಹುಡುಗನನ್ನು ನಡೆಸಿಕೊಂಡು ಹೋಗುವುದಕ್ಕೇ ಪುನರ್ವಸತಿ ಎಂದು ಹೆಸರು. ಹೊಲಿಗೆ ಯಂತ್ರ ಕೊಡುವುದು, ಸರ್ಟಿಫಿಕೇಟ್ ಕೊಡುವುದು ಆ ದಾರಿಯ ಬುತ್ತಿ ಮಾತ್ರ.

ಈಗ ಕಾನೂನಿನ ಮಾತು. ಇದರ ಬಗ್ಗೆ ಊರಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ.

ಎಳೆಯರನ್ನು ದೊಡ್ಡ ಅಪರಾಧಿಗಳಿಂದ ಬೇರೆ ಇಡಬೇಕು ಎಂಬುದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲೇ ಧಾರವಾಡದಲ್ಲಿ ಬೋರ್ಸ್ಟಲ್ ಶಾಲೆ ಇತ್ತು, ಈ ಭಾಗದ ಹಿರಿಯರಿಗೆ ಆ ಹೆಸರು ನೆನಪಿರಬಹುದು. ಸ್ವಾತಂತ್ರ್ಯದ ನಂತರ 1986ರಲ್ಲಿ ಇಡೀ ದೇಶಕ್ಕೆ ಒಂದು ಬಾಲ ನ್ಯಾಯ ಕಾಯ್ದೆ ಬಂತು. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವಯಸ್ಸಿನ ಗಡಿ ಇತ್ತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು.

ಆಮೇಲೆ 2012ರ ಡಿಸೆಂಬರ್ 16 ಬಂತು. ದೆಹಲಿಯ ಆ ರಾತ್ರಿಯನ್ನು ನಾನು ವಿವರಿಸುವುದು ಬೇಡ. ಆರು ಜನ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವೇ ತಿಂಗಳು ಬಾಕಿ ಇತ್ತು. ಮಂಡಳಿ ಅವನಿಗೆ ಆಗಿನ ಕಾನೂನಿನಲ್ಲಿ ಇದ್ದ ಗರಿಷ್ಠ ಅವಧಿಯನ್ನೇ, ವಿಶೇಷ ಗೃಹದಲ್ಲಿ ಮೂರು ವರ್ಷ, ವಿಧಿಸಿತು. ದೇಶ ಕುದಿಯಿತು. ಒಂದು ಜೀವಕ್ಕೆ ಮೂರೇ ವರ್ಷವೆ ಎಂದು ಜನ ಕೇಳಿದರು. ನಾನೂ ಕೇಳಿದೆ. ಆ ಪ್ರಶ್ನೆ ಕೇಳಿದವರು ಕ್ರೂರಿಗಳಲ್ಲ. ಆದರೆ ಅದೇ ಕಾಲದಲ್ಲಿ, 2013ರ ಜನವರಿಯಲ್ಲಿ, ನ್ಯಾಯಮೂರ್ತಿ ವರ್ಮಾ ಸಮಿತಿ ಮಹಿಳೆಯರ ರಕ್ಷಣೆಗೆ ಕಠಿಣ ಕಾನೂನುಗಳನ್ನು ಶಿಫಾರಸು ಮಾಡಿತು, ಆದರೆ ವಯಸ್ಸಿನ ಗಡಿಯನ್ನು ಇಳಿಸಬೇಡಿ ಎಂದಿತು. ಹೆಣ್ಣುಮಕ್ಕಳ ಪರವಾಗಿ ಅಷ್ಟು ಗಟ್ಟಿಯಾಗಿ ಬರೆದ ಸಮಿತಿಯೇ ಹೀಗೆ ಹೇಳಿತು ಎಂಬುದನ್ನು ನಾವು ಮರೆಯಬಾರದು.

ಸಂಸತ್ತು ನಡುದಾರಿ ಹಿಡಿಯಿತು. 2015ರಲ್ಲಿ ಹೊಸ ಕಾಯ್ದೆ ಅಂಗೀಕಾರವಾಗಿ 2016ರ ಜನವರಿ 15ರಿಂದ ಜಾರಿಗೆ ಬಂತು. ಗಡಿ 18 ಆಗಿಯೇ ಉಳಿಯಿತು. ಆದರೆ 16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿದರೆ, ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವ ಅಪರಾಧ ಮಾಡಿದರೆ, ಮಂಡಳಿ ಒಂದು ಪ್ರಾಥಮಿಕ ಪರೀಕ್ಷೆ ನಡೆಸುತ್ತದೆ. ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗೆ ಇತ್ತೆ, ಅದರ ಪರಿಣಾಮ ಅವನಿಗೆ ತಿಳಿದಿತ್ತೆ, ಯಾವ ಸನ್ನಿವೇಶದಲ್ಲಿ ಮಾಡಿದ ಎಂದು ನೋಡುತ್ತದೆ. ಬೇಕೆನಿಸಿದರೆ ಮೊಕದ್ದಮೆಯನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. ಆ ನ್ಯಾಯಾಲಯ ಅವನನ್ನು ವಯಸ್ಕನಂತೆ ವಿಚಾರಣೆ ಮಾಡಿ ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯನ್ನೂ ಕೊಡಬಹುದು. ಇಪ್ಪತ್ತೊಂದು ತುಂಬುವವರೆಗೆ ಅವನು ಸುರಕ್ಷಿತ ಸ್ಥಳದಲ್ಲಿರುತ್ತಾನೆ. ಇಪ್ಪತ್ತೊಂದಾದಾಗ ನ್ಯಾಯಾಲಯ ಮತ್ತೆ ನೋಡುತ್ತದೆ: ಇವನು ಬದಲಾಗಿದ್ದಾನೆಯೆ? ಬದಲಾಗಿದ್ದರೆ ಬಿಡಬಹುದು. ಇಲ್ಲವಾದರೆ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ಗಲ್ಲುಶಿಕ್ಷೆ ಇಲ್ಲ. ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ.

ಹಾಗಾಗಿ “ಹದಿನೆಂಟು ತುಂಬಿಲ್ಲ ಅಂದ್ರೆ ಏನು ಮಾಡಿದ್ರೂ ಮೂರೇ ವರ್ಷ” ಎಂದು ಕಟ್ಟೆಯ ಮೇಲೆ ಹೇಳುವ ಮಾತು ಈಗ ನಿಜವಲ್ಲ. “ಅದಕ್ಕೇ ಹುಡುಗರನ್ನು ಮುಂದೆ ಬಿಟ್ಟು ದೊಡ್ಡವರು ಕೊಲೆ ಮಾಡಿಸುತ್ತಾರೆ” ಎನ್ನುತ್ತಾರೆ. ಮಾಡಿಸುತ್ತಾರೆ, ಸುಳ್ಳಲ್ಲ. ಹಾಗೆ ಮಕ್ಕಳನ್ನು ಬಳಸಿಕೊಂಡ ವಯಸ್ಕರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷದ ದಂಡ ಅದೇ ಕಾಯ್ದೆಯಲ್ಲಿದೆ. ಮೆರವಣಿಗೆ ಮಾಡುವುದಾದರೆ ಆ ಸೆಕ್ಷನ್ ಹಾಕಿರಿ ಎಂದು ಮಾಡೋಣ. ನಾನೂ ಬರುತ್ತೇನೆ.

ಇನ್ನೊಂದು ಲೆಕ್ಕ. 2022ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಅಪರಾಧಗಳು ಸುಮಾರು 58 ಲಕ್ಷ. ಅವುಗಳಲ್ಲಿ ಹದಿನೆಂಟರೊಳಗಿನವರ ಮೇಲೆ ದಾಖಲಾದವು ಸುಮಾರು 30 ಸಾವಿರ. ನೂರಕ್ಕೆ ಒಂದೂ ಇಲ್ಲ. ಕೊಲೆಯಾದ ಮನೆಗೆ ಈ ಲೆಕ್ಕದಿಂದ ಸಮಾಧಾನ ಇಲ್ಲ, ಅದು ನನಗೆ ಗೊತ್ತು. ಆದರೆ ಇಡೀ ಪೀಳಿಗೆ ಕೆಟ್ಟುಹೋಗಿದೆ ಎಂದು ಹೆದರಿ ಕಾನೂನು ಬದಲಿಸಬೇಕಾದ ಸ್ಥಿತಿ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೆಚ್ಚು ಶಿಕ್ಷೆ ಕೊಟ್ಟರೆ ಹಿಂಸೆ ಕಡಿಮೆಯಾಗುತ್ತದೆಯೆ? ಅಮೆರಿಕದವರು ಅದನ್ನು ಮಾಡಿ ನೋಡಿದ್ದಾರೆ. 1990ರ ದಶಕದಲ್ಲಿ ಅಲ್ಲಿನ ರಾಜ್ಯಗಳು ಒಂದರ ಹಿಂದೆ ಒಂದು ಹದಿಹರೆಯದವರನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವುದನ್ನು ಸುಲಭ ಮಾಡಿದವು. 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯೇ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ವರದಿ ಮಾಡಿತು. ದೊಡ್ಡವರ ವ್ಯವಸ್ಥೆಗೆ ಹೋದ ಹುಡುಗರು, ಮಕ್ಕಳ ವ್ಯವಸ್ಥೆಯಲ್ಲೇ ಉಳಿದವರಿಗಿಂತ ಹೆಚ್ಚಾಗಿ ಮತ್ತೆ ಹಿಂಸೆಗೆ ಇಳಿದಿದ್ದರು. ಇದರಲ್ಲಿ ಆಶ್ಚರ್ಯ ಏನಿದೆ? ಹಸಿ ಮಣ್ಣನ್ನು ಯಾವ ಅಚ್ಚಿಗೆ ಹಾಕುತ್ತೀರೋ ಆ ಆಕಾರ. ಹದಿನೇಳರ ಹುಡುಗನನ್ನು ಪಳಗಿದ ಅಪರಾಧಿಗಳ ನಡುವೆ ಇಟ್ಟರೆ ಅವರೇ ಅವನ ಗುರುಗಳು. ಅವನು ಅಲ್ಲೇ ಸಾಯುವುದಿಲ್ಲವಲ್ಲ. ಒಂದು ದಿನ ಹೊರಗೆ ಬರುತ್ತಾನೆ, ನಮ್ಮ ಊರಿಗೇ ಬರುತ್ತಾನೆ. ಯಾವ ಆಕಾರದಲ್ಲಿ ಬರಬೇಕು ಎಂಬುದನ್ನು ನಾವು ಈಗಲೇ ಯೋಚಿಸಬೇಕು.

ಅವಸರದ ಸಿಟ್ಟಿನ ಬಗ್ಗೆಯೂ ಒಂದು ಮಾತು. 2017ರಲ್ಲಿ ಗುರುಗ್ರಾಮದ ಒಂದು ಶಾಲೆಯಲ್ಲಿ ಏಳು ವರ್ಷದ ಮಗುವಿನ ಕೊಲೆಯಾಯಿತು. ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನನ್ನು ಹಿಡಿದರು, ತಪ್ಪೊಪ್ಪಿಕೊಂಡಿದ್ದಾನೆ ಎಂದರು. ಜನ ಅವನನ್ನು ನೇಣಿಗೆ ಹಾಕಿ ಎಂದರು. ಎರಡು ತಿಂಗಳ ಮೇಲೆ ಸಿಬಿಐ ಅವನು ನಿರಪರಾಧಿ ಎಂದು ಹೇಳಿ, ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯ ಮೇಲೆ ಆರೋಪ ಹೊರಿಸಿತು. ಆ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 2022ರಲ್ಲಿ ಕೋರ್ಟು, ಈ ಪರೀಕ್ಷೆ ಬಹಳ ಸೂಕ್ಷ್ಮವಾದ ಕೆಲಸ, ಮನಶ್ಶಾಸ್ತ್ರ ಬಲ್ಲವರ ನೆರವಿನಿಂದ ಮಾಡಬೇಕು ಎಂದಿತು. ಆ ದಿನದ ಗುಂಪಿನ ಮಾತು ನಡೆದಿದ್ದರೆ ಒಬ್ಬ ಬಡ ಕಂಡಕ್ಟರ್ ಸತ್ತಿರುತ್ತಿದ್ದ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಶ್ರೀಮಂತರ ಹುಡುಗನೊಬ್ಬ ಓಡಿಸುತ್ತಿದ್ದ ಕಾರು ಇಬ್ಬರು ಯುವ ಎಂಜಿನಿಯರುಗಳ ಜೀವ ತೆಗೆಯಿತು. ಕೆಲವೇ ಗಂಟೆಗಳಲ್ಲಿ ಅವನಿಗೆ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, 300 ಪದಗಳ ಪ್ರಬಂಧ ಬರೆಯಬೇಕು. ದೇಶವೆಲ್ಲ ಅದನ್ನು ಕೇಳಿ ನೊಂದು ನಕ್ಕಿತು, ಸರಿಯಾಗಿಯೇ ನಕ್ಕಿತು. ಅದು ಬೇಕೆಂದೇ ಮಾಡಿದ ಕೊಲೆಯ ಮೊಕದ್ದಮೆಯಲ್ಲ, ನಿಜ. ಆದರೂ ಅಷ್ಟರಿಂದ ಯಾರನ್ನೂ ತಿದ್ದಲಾಗುವುದಿಲ್ಲ. ದುಡ್ಡಿದ್ದವನ ಮಗನಿಗೆ ಪ್ರಬಂಧ, ಕೂಲಿಯವಳ ಮಗನಿಗೆ ಗಲ್ಲು ಎಂದಾದರೆ ಅದು ಶಿಕ್ಷೆಯೂ ಅಲ್ಲ, ಪುನರ್ವಸತಿಯೂ ಅಲ್ಲ, ಹಳೆಯ ಮೇಲುಕೀಳೇ. ನಾನು ಕೇಳುವ ಪುನರ್ವಸತಿ ಸುಲಭದ್ದಲ್ಲ. ಜೈಲಿನಲ್ಲಿ ಸುಮ್ಮನೆ ಕೂರಬಹುದು. ಪುನರ್ವಸತಿಯಲ್ಲಿ ಕೂರಲು ಬರುವುದಿಲ್ಲ.

ಶರಣ ಬಂಧುಗಳೆ, ನಮ್ಮ ಮಾತಿನಲ್ಲಿ ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲ ಒಂದೇ ಬೇರಿನಿಂದ ಬಂದ ಪದಗಳು. ಶಿಕ್ಷೆ ಎಂದರೆ ಮೂಲದಲ್ಲಿ ಕಲಿಸುವುದು. ಮೂವತ್ತು ವರ್ಷ ಮೇಷ್ಟರಿಕೆ ಮಾಡಿದ ನಾನು ಆ ಹುಡುಗನಿಗೆ ಶಿಕ್ಷಣವನ್ನೂ ಕೊಡಲಿಲ್ಲ. ಬಾಗಿಲು ಮುಚ್ಚಿದೆ, ಅಷ್ಟೆ.

ಇನ್ನು ನಮ್ಮ ಶರಣರ ಕಡೆಗೆ ಬರೋಣ. ಉರಿಲಿಂಗಪೆದ್ದಿಯ ಕಥೆ ನಿಮಗೆಲ್ಲ ಗೊತ್ತು. ಪೆದ್ದಣ್ಣ ಕಳ್ಳ. ಊರು ಮುಟ್ಟಿಸಿಕೊಳ್ಳದ ಕುಲದವನು. ಕಳವಿಗೆ ಹೋದ ಮನೆಯಲ್ಲಿ ದೀಕ್ಷೆ ನಡೆಯುವುದನ್ನು ಮರೆಯಲ್ಲಿ ನಿಂತು ಕಂಡ. ಕಳವು ಮರೆತ. ತನಗೂ ದೀಕ್ಷೆ ಕೊಡಿ ಎಂದು ಉರಿಲಿಂಗದೇವರ ಹಿಂದೆ ಬಿದ್ದ. ಗುರು ಕೂಡಲೇ ಒಪ್ಪಲಿಲ್ಲ. ದಿನವೂ ಕಟ್ಟಿಗೆಯ ಹೊರೆ ತಂದು ಗುರುವಿನ ಮನೆಗೆ ಹಾಕಿದ ಎಂದು ಕಥೆ ಹೇಳುವವರು ಹೇಳುತ್ತಾರೆ. ಕೊನೆಗೆ ಅದೇ ಕಳ್ಳ ಗುರುವಿನ ಪೀಠಕ್ಕೆ ಉತ್ತರಾಧಿಕಾರಿಯಾದ. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಅವನ ಹಳೆಯ ಕಸುಬು ಉಳಿದಿದೆ. ಗೋಡೆಗೆ ಕನ್ನ ಹಾಕುತ್ತಿದ್ದವನು ವಚನಕಾರರ ಸಾಲಿನಲ್ಲಿ ಕೂತ.

ನೀವು ಕೇಳಬಹುದು: ಅವರು ಕದ್ದವರು, ಕೊಂದವರಲ್ಲ. ಕದ್ದದ್ದನ್ನು ಹಿಂದಕ್ಕೆ ಕೊಡಬಹುದು, ಜೀವ ಕೊಡಲಾದೀತೆ? ಸರಿಯಾದ ಪ್ರಶ್ನೆ. ಇನ್ನೊಂದನ್ನೂ ಕೇಳಬಹುದು. ಶರಣರು ಪೂರ್ವಾಶ್ರಯ ಎತ್ತಬೇಡಿ ಎಂದದ್ದು ಹುಟ್ಟಿನ ಬಗ್ಗೆ. ಮಾದಾರ, ಡೋಹರ ಎಂದು ಹುಟ್ಟಿದ್ದು ಯಾರ ತಪ್ಪೂ ಅಲ್ಲ. ಚಾಕು ಎತ್ತಿದ್ದು ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ಇಡುತ್ತೀರಿ?

ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಎರಡೂ ಒಂದೇ ಅಲ್ಲ. ಹುಟ್ಟಿನ ಪೂರ್ವಾಶ್ರಯ ದೀಕ್ಷೆಯ ಕ್ಷಣದಲ್ಲೇ ಅಳಿಯಬೇಕು, ಅಲ್ಲಿ ತೊಳೆಯಲು ಏನೂ ಇಲ್ಲ. ಕೃತ್ಯದ ಪೂರ್ವಾಶ್ರಯ ಹಾಗೆ ಅಳಿಯುವುದಿಲ್ಲ. ಅದಕ್ಕೆ ಕಟ್ಟಿಗೆಯ ಹೊರೆ ಬೇಕು. ದಿನದಿನವೂ ಹೊರಬೇಕು. ನಮ್ಮ ಧರ್ಮದಲ್ಲಿ ದೀಕ್ಷೆಯ ಹಿಂದೆಯೇ ಆಚಾರ ಬಂತು, ಕಾಯಕ ಬಂತು, ದಾಸೋಹ ಬಂತು. ಲಿಂಗ ಕಟ್ಟಿಕೊಂಡು ಆಚಾರ ಬಿಟ್ಟವನನ್ನು ಶರಣರು ಒಪ್ಪಲೇ ಇಲ್ಲ. ಆದರೆ ಹೊರೆ ಹೊತ್ತವನ ಹಳೆಯ ಹೆಸರನ್ನು ಮತ್ತೆ ಎತ್ತಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದೇ ಕಷ್ಟ. ಶಿಕ್ಷೆ ಬೇಕು ಎನ್ನುವವರು ಹೊರೆಯನ್ನು ಮಾತ್ರ ಹಿಡಿಯುತ್ತಾರೆ. ಕ್ಷಮಿಸಿಬಿಡಿ ಎನ್ನುವವರು ಮರೆವನ್ನು ಮಾತ್ರ ಹಿಡಿಯುತ್ತಾರೆ. ಶರಣರು ಹೊರೆ ಹೊರಿಸಿದರು, ಆಮೇಲೆ ಬಾಗಿಲು ತೆರೆದರು.

ನಮ್ಮ ಕಾನೂನಿನಲ್ಲಿಯೂ ಬಹುಮಟ್ಟಿಗೆ ಇದೇ ಇದೆ ಎಂದು ತಿಳಿದಾಗ ನನಗೆ ಮೈ ಜುಂ ಎಂದಿತು. ಮಗು ಮತ್ತೆ ಹೊಸದಾಗಿ ಬದುಕು ಆರಂಭಿಸಬೇಕು ಎಂಬುದನ್ನು ಕಾಯ್ದೆಯ ತತ್ತ್ವಗಳಲ್ಲಿ ಬರೆದಿದ್ದಾರೆ. ಮಕ್ಕಳ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿ ಶಿಕ್ಷಿಸಿದವರನ್ನು ಬಿಟ್ಟು ಉಳಿದವರಿಗೆ ಆ ತೀರ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ದಾಖಲೆ ಅಳಿಸಬೇಕು ಎಂದಿದ್ದಾರೆ. ಹೆಸರು, ಫೋಟೋ, ಶಾಲೆ ಯಾವುದನ್ನೂ ಪ್ರಕಟಿಸಬಾರದು. ಪ್ರಕಟಿಸಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ. ಬೇಸಿಗೆಯ ಆ ವಾರದಲ್ಲಿ ನಮ್ಮ ಎಷ್ಟು ಜನರ ವಾಟ್ಸಪ್ಪಿನಲ್ಲಿ ಆ ಹುಡುಗನ ಫೋಟೋ ತಿರುಗಿತು, ನೀವೇ ನೆನಪಿಸಿಕೊಳ್ಳಿ. ನಮ್ಮ ಬಸವ ಬಳಗದ ಗುಂಪಿನಲ್ಲೂ ಬಂದಿತ್ತು.

ಸರ್ಕಾರ ದಾಖಲೆ ಅಳಿಸಬಹುದು. ಊರಿನ ಬಾಯಿ ಅಳಿಸುವುದಿಲ್ಲ. ಶಾಲೆಯ ಬಾಗಿಲಲ್ಲಿ, ಬಾಡಿಗೆ ಮನೆಯಲ್ಲಿ, ಗ್ಯಾರೇಜಿನಲ್ಲಿ ಪೂರ್ವಾಶ್ರಯ ಕೇಳುತ್ತಲೇ ಇರುತ್ತಾರೆ. ಅಲ್ಲಿ ಕೆಲಸ ಮಾಡಬೇಕಾದದ್ದು ಧರ್ಮ. ಆ ಕೆಲಸಕ್ಕೆ ನಮ್ಮ ಧರ್ಮದಷ್ಟು ತಯಾರಾಗಿ ಬಂದದ್ದು ಬೇರೆ ಯಾವುದಿದೆ ಹೇಳಿ.

ಈಗ ನೊಂದ ಮನೆಯ ಮಾತು. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದೆಂದಲ್ಲ. ಪುನರ್ವಸತಿಯ ಮಾತಾಡುವವರು ಇಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ. ಮಂಡಳಿಯಲ್ಲಿ ಹುಡುಗನ ಬಗ್ಗೆ ದೊಡ್ಡ ಕಡತ ಇರುತ್ತದೆ: ಮನೆಯ ಸ್ಥಿತಿ, ಅಪ್ಪನ ಕುಡಿತ, ಶಾಲೆ ಬಿಟ್ಟ ಕಾರಣ, ಪರಿವೀಕ್ಷಣಾಧಿಕಾರಿಯ ವರದಿ. ಸತ್ತವನ ಮನೆಯ ಬಗ್ಗೆ ಒಂದು ಹಾಳೆ. ಅವರಿಗೆ ದಿನಾಂಕ ಯಾರೂ ಹೇಳುವುದಿಲ್ಲ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಕರ್ನಾಟಕದಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ಇದೆ ಎಂದೂ ಬಹಳ ಜನಕ್ಕೆ ತಿಳಿದಿಲ್ಲ. ಮೆರವಣಿಗೆಗೆ ಬಂದವರು ಮೂರನೆಯ ತಿಂಗಳಿಗೆ ಆ ಮನೆಯ ಕಡೆ ಸುಳಿಯುವುದಿಲ್ಲ. ಹಾಗಾದಾಗ ಗಲ್ಲಾಗಲಿ ಎಂಬ ಒಂದೇ ಆಸೆ ಅವರಿಗೆ ಉಳಿಯುತ್ತದೆ. ಬೇರೆ ಏನನ್ನೂ ನಾವು ಅವರಿಗೆ ಕೊಟ್ಟಿರುವುದಿಲ್ಲ. ಅನ್ಯಾಯವಾದ ಕಡೆ ಹೋಗಿ ನಿಲ್ಲುವುದೇ ಗಣಾಚಾರ. ಕೂಗಿ ಮನೆಗೆ ಹೋಗುವುದಲ್ಲ, ಆ ಮನೆಯ ಪಡಸಾಲೆಯಲ್ಲಿ ವರ್ಷವಿಡೀ ಕೂರುವುದು. ಕ್ಷಮಿಸಿರಿ ಎಂದು ಅವರಿಗೆ ಹೇಳುವ ಅಧಿಕಾರ ನಮಗೆ ಯಾರಿಗೂ ಇಲ್ಲ. ಅದು ಅವರದ್ದು, ಕೊಟ್ಟರೂ ಕೊಡದಿದ್ದರೂ.

ಎಲ್ಲರೂ ಬದಲಾಗುತ್ತಾರೆಯೆ ಎಂದು ನನ್ನನ್ನು ಕೇಳಿದರೆ, ಇಲ್ಲ. ಮತ್ತೆ ಮತ್ತೆ ಬಂದ ಹುಡುಗರನ್ನೂ ನಾನು ನೋಡಿದ್ದೇನೆ. ಒಬ್ಬನ ಬಗ್ಗೆ ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಅದಕ್ಕೇ ಇಪ್ಪತ್ತೊಂದಕ್ಕೆ ಮತ್ತೆ ಪರೀಕ್ಷಿಸುವ ವ್ಯವಸ್ಥೆ ಇದೆ, ಇರಲಿ. ಆದರೆ ಕೆಲವರು ಬದಲಾಗುವುದಿಲ್ಲ ಎಂದು ಎಲ್ಲರ ಬಾಗಿಲು ಮುಚ್ಚುವುದು, ಕೆಲವು ಬೀಜ ಮೊಳೆಯುವುದಿಲ್ಲ ಎಂದು ಬಿತ್ತನೆಯನ್ನೇ ಬಿಟ್ಟಂತೆ.

ಅಪ್ಪಗಳ ಮುಂದೆ, ನಿಮ್ಮ ಮುಂದೆ ನನ್ನ ಬೇಡಿಕೆಗಳು ನಾಲ್ಕು.

ಮೊದಲನೆಯದು, ನಮ್ಮ ಅಕ್ಕನ ಬಳಗದಿಂದ ಮೂರ್ನಾಲ್ಕು ಜನ ನೊಂದ ಮನೆಯ ಜವಾಬ್ದಾರಿ ಹೊರಬೇಕು. ಪರಿಹಾರದ ಅರ್ಜಿ, ಕೋರ್ಟಿನ ದಿನಾಂಕ, ತಂಗಿಯ ಓದು, ಹಬ್ಬದ ದಿನ ಆ ಮನೆಗೆ ಒಂದು ಭೇಟಿ. ಇದು ಮೊದಲು ಆಗಬೇಕು. ಇದಾಗದೆ ಉಳಿದ ಮೂರನ್ನು ಮಾಡಿದರೆ ನಮಗೆ ಮುಖ ಇರುವುದಿಲ್ಲ.

ಎರಡನೆಯದು, ಮಕ್ಕಳ ಫೋಟೋ, ಹೆಸರು ಹಂಚುವುದನ್ನು ನಮ್ಮ ಗುಂಪುಗಳಲ್ಲಿ ನಿಲ್ಲಿಸಬೇಕು.

ಮೂರನೆಯದು, ಅನುಮತಿ ಪಡೆದು ಜಿಲ್ಲೆಯ ವೀಕ್ಷಣಾಲಯಕ್ಕೆ ವಾರಕ್ಕೊಮ್ಮೆ ಹೋಗಬೇಕು. ಪ್ರವಚನ ಮಾಡಲು ಅಲ್ಲ. ಗಣಿತ ಹೇಳಿಕೊಡಲು, ಅರ್ಜಿ ಬರೆಯುವುದು ಕಲಿಸಲು, ವೈರಿಂಗ್ ಕಲಿಸಲು. ಮೊದಲ ಪ್ರಶ್ನೆಯಿಂದ ಎರಡನೆಯ ಪ್ರಶ್ನೆಗೆ ಹುಡುಗ ನಡೆಯುವುದು ಜೊತೆಗೆ ಕೂತವರು ಇದ್ದಾಗ ಮಾತ್ರ.

ನಾಲ್ಕನೆಯದು ದೊಡ್ಡದು. ನಮ್ಮ ಪ್ರಸಾದ ನಿಲಯದಲ್ಲಿ ಅವಧಿ ಮುಗಿಸಿ ಬಂದ ಒಬ್ಬಿಬ್ಬರಿಗೆ ಜಾಗ ಇಡಬೇಕು. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳು ಬಡ ಮಕ್ಕಳಿಗೆ ಅನ್ನ, ವಸತಿ ಇಟ್ಟರು. ಸಿದ್ಧಗಂಗೆಯಲ್ಲಿ ಶಿವಕುಮಾರ ಶ್ರೀಗಳು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಉಣಿಸಿದರು. ಆ ಸಾಲಿನ ಮುಂದಿನ ಹೆಜ್ಜೆ ಇದು. ಶಿಕ್ಷೆಯ ಅವಧಿಯಲ್ಲೇ ಇರುವವರಿಗೆ ಬೇಕಾದರೆ, ಮಂಡಳಿ ನಮ್ಮಂಥ ಸಂಸ್ಥೆಯನ್ನು ಪರಿಶೀಲಿಸಿ ಯೋಗ್ಯ ಎಂದು ಮಾನ್ಯ ಮಾಡುವ ಅವಕಾಶ ಕಾಯ್ದೆಯಲ್ಲಿದೆ. ಉಳಿದ ಪಾಲಕರಿಗೆ ಹೆದರಿಕೆ ಆಗುತ್ತದೆ, ಅದು ತಪ್ಪಲ್ಲ. ಹಾಗಾಗಿ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಜಿ಼ಲ್ಲಾ ಮಕ್ಕಳ ರಕ್ಷಣಾ ಘಟಕದವರ ಜೊತೆ ಕೂತು ನೋಡಿ ಆರಿಸೋಣ. ಜವಾಬ್ದಾರಿ ಹೊತ್ತವರಿಗೆ ಎಲ್ಲ ಗೊತ್ತಿರಲಿ, ಬೇರೆಯವರಿಗೆ ಏನೂ ಗೊತ್ತಿರುವುದು ಬೇಡ. ನಿಲಯದ ಲೆಕ್ಕ, ನಡವಳಿಕೆ ಎಲ್ಲವೂ ಅಧಿಕಾರಿಗಳ ಕಣ್ಣಿಗೆ ತೆರೆದಿರಲಿ. ಮಠ ಎಂಬ ಕಾರಣಕ್ಕೆ ವಿನಾಯಿತಿ ಬೇಡ. ಆ ಹುಡುಗನಿಗೆ ಬೆಳಿಗ್ಗೆ ಎದ್ದು ಕಸ ಗುಡಿಸುವ ಕಾಯಕ ಇರಲಿ, ಪಂಕ್ತಿಯಲ್ಲಿ ಬಡಿಸುವ ಕಾಯಕ ಇರಲಿ. ಅದು ಅವನ ಕಟ್ಟಿಗೆಯ ಹೊರೆ.

ನಾನು ಈ ನಾಲ್ಕನೆಯದನ್ನು ಕೇಳಿದಾಗ ನಿಮ್ಮಲ್ಲಿ ಕೆಲವರ ಮುಖ ಬಿಗಿಯಾದದ್ದು ಇಲ್ಲಿಂದಲೇ ಕಂಡಿತು. ಆ ಜೂನ್ ತಿಂಗಳಲ್ಲಿ ನನ್ನ ಮುಖವೂ ಹಾಗೇ ಬಿಗಿದಿತ್ತು. ನಿಮ್ಮನ್ನು ನಾನು ಬೈಯಲಾರೆ.

ಆದರೆ ಒಂದು ದಿನ ಯಾವುದೋ ತಾಯಿ ಮಗನ ಕೈ ಹಿಡಿದುಕೊಂಡು ಈ ಮಠದ ಬಾಗಿಲಿಗೂ ಬರುತ್ತಾರೆ. ಸೀಟು ತುಂಬಿವೆ ಎಂದು ಹೇಳಲು ನಮಗೆ ಬರುತ್ತದೆ. ಆಗ ಅವರು ಕೇಳುವ ಪ್ರಶ್ನೆಗೆ ಉತ್ತರ ನಮ್ಮಲ್ಲಿ ಇರಬೇಕು. ನಾವು ಕರೆಯದಿದ್ದರೆ ಅವನನ್ನು ಬೇರೆ ಯಾರು ಕರೆಯುತ್ತಾರೆ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.